ಒಂದೇ ಒಂದು ಎಂಬ ಪರಿಗ್ರಹ

ಕಳೆದ ದಶಲಕ್ಷಣ ಪರ್ವದ ಉತ್ತಮ ಆಕಿಂಚನ್ಯದ ದಿನ ಹುಕ್ಕೇರಿ ತಾಲೂಕಿನ ಒಂದು ಗ್ರಾಮದ ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಿದ್ದೆವು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ಓದಿ ಅರ್ಥ ಹೇಳುವ ಹೊಣೆ ಆ ಸಂಜೆ ನನ್ನ ಪಾಲಿಗೆ ಬಂದಿತ್ತು. ಪರಿಗ್ರಹ ಪರಿಮಾಣ ಅಣುವ್ರತದ ಅತಿಚಾರಗಳನ್ನು ವಿವರಿಸುತ್ತಿದ್ದಾಗ, ಮೂಡಲಗಿಯ ಕಡೆಯಿಂದ ಬೀಗರ ಮನೆಗೆ ಬಂದಿದ್ದ ಒಬ್ಬ ತರುಣ ರೈತನು ಎದ್ದು ನಿಂತು ಕೇಳಿದನು: "ಮಾಸ್ತರ, ಮನಿಗೆ ಒಂದ ಗಾಡಿ ಅಂತ ಮಹಾರಾಜರ ಮುಂದ ನೇಮಾ ತಗೊಂಡೀನ್ರಿ. ಒಂದ ಐತಿ. ಎರಡನೇದ್ದು ಮಾಡಿಲ್ಲ. ಆದರ ಆ ಒಂದ ಗಾಡಿ ನೋಡಾಕ ಊರೂರಿಂದ ಮಂದಿ ಬರ್ತಾರ. ಇದರಾಗ ದೋಷ ಐತೇನ್ರಿ?"

ವಿಚಾರಿಸಲಾಗಿ ತಿಳಿದುದಿಷ್ಟು. ಅವನು ಹಳೆಯ ಜೀಪೊಂದನ್ನು ಕೊಂಡು, ಅದರ ಮೈತಗಡನ್ನೆಲ್ಲ ಬಿಚ್ಚಿಸಿ, ಗೋಕಾಕದ ಒಬ್ಬ ಮಿಸ್ತ್ರಿಯ ಕೈಯಿಂದ ತನ್ನ ಮನಸ್ಸಿನಲ್ಲಿದ್ದ ಆಕಾರದ ಹೊಸ ಮೈಯನ್ನು ಕಟ್ಟಿಸಿದ್ದಾನೆ. ಎರಡು ಹಂಗಾಮಿನ ಕಬ್ಬಿನ ಬಿಲ್ಲು ಅದಕ್ಕೆ ಹೋಗಿದೆ. ಕೆಲಸ ಮುಗಿದ ದಿನ ಮಿಸ್ತ್ರಿಯ ಲೆಕ್ಕವನ್ನು ಚುಕ್ತಾ ಮಾಡಿ, ತಗಡು ಕತ್ತರಿಸಲು ಬಳಸಿದ ರಟ್ಟಿನ ಮಾದರಿಗಳನ್ನೆಲ್ಲ ಗಂಟು ಕಟ್ಟಿ ಮನೆಗೆ ತಂದಿದ್ದಾನೆ. ಇಂಥದೇ ಗಾಡಿಯನ್ನು ಮಿಸ್ತ್ರಿಯು ಇನ್ನೊಬ್ಬರಿಗೆ ಮಾಡಿಕೊಡಬಾರದೆಂಬುದೇ ಇದರ ಉದ್ದೇಶ. (ಕಾರ್ಖಾನೆಯಿಂದ ಬಂದ ವಾಹನದ ಮೂಲರೂಪವನ್ನು ಮನಬಂದಂತೆ ಬದಲಿಸಲಾಗದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆ. ಅದನ್ನು ಅವನಿಗೆ ಬೇರೆಯಾಗಿ ತಿಳಿಸಿದೆ. ಇಲ್ಲಿಯ ಪ್ರಶ್ನೆ ಕಾನೂನಿನದಲ್ಲ.)

ಸಂಖ್ಯೆಯು ಮೀರಿಲ್ಲವಾದ್ದರಿಂದ ವ್ರತಕ್ಕೆ ಭಂಗವಿಲ್ಲ ಎಂದು ಹೇಳಿ ಮುಂದೆ ಸಾಗುವವನಿದ್ದೆ. ಅಷ್ಟರಲ್ಲಿ ಕಂಬದ ಬಳಿ ಕುಳಿತಿದ್ದ ವಯಸ್ಸಾದ ಆಯಿಯೊಬ್ಬರು ಅವನತ್ತ ತಿರುಗಿ, "ಒಂದ ಸಾಕು ಅಂತ ನೇಮಾ ಹಿಡದೀಯೋ, ನನಗೊಬ್ಬಗ ಇರಬೇಕು ಅಂತ ಹಿಡದೀಯೋ, ತಮ್ಮಾ?" ಎಂದರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಅಂದಿನಿಂದ ಈ ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದ ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ನಮ್ಮ ಆಚಾರ್ಯರು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸುವಾಗ ಕ್ಷೇತ್ರ, ವಾಸ್ತು, ಧನ, ಧಾನ್ಯಗಳ ಜೊತೆಗೆ ಯಾನವನ್ನೂ ಹೆಸರಿಸಿದ್ದಾರೆ. ವಾಹನದ ಮೋಹವು ಮೋಟಾರಿನೊಂದಿಗೆ ಹುಟ್ಟಿದ್ದಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಆದರೆ ವಸ್ತುವೇ ಪರಿಗ್ರಹವಲ್ಲ, ವಸ್ತುವಿನಲ್ಲಿ ಇರುವ ಮೂರ್ಛೆಯೇ ಪರಿಗ್ರಹವೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಗೃಹಸ್ಥನಿಗೆ ಮೂರ್ಛೆಯನ್ನು ಅಳೆಯುವ ಕೋಲು ಕೈಗೆ ಸಿಗುವುದಿಲ್ಲ. ಆದುದರಿಂದ ಅವನಿಗೆ ಸಂಖ್ಯೆಯ ಕೋಲನ್ನು ಕೊಡಲಾಗಿದೆ. ಇಷ್ಟು ಎಕರೆ, ಇಷ್ಟು ತೊಲೆ, ಇಷ್ಟು ಗಾಡಿ. ಸಮಂತಭದ್ರರು ಹೇಳುವ ಐದು ಅತಿಚಾರಗಳಾದರೋ ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ವಿಸ್ಮಯವೆಂದರೆ ಪರರ ಲಾಭವನ್ನು ಕಂಡು ಮನಸ್ಸು ಕಲಕುವುದು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತೇವೆ. ನಾನೂ ಇಷ್ಟು ವರ್ಷ ಹಾಗೆಯೇ ಹೇಳಿದ್ದೇನೆ. ತನ್ನಲ್ಲಿರುವುದನ್ನು ಕಂಡು ಪರರ ಮನಸ್ಸು ಕಲಕಲಿ ಎಂದು ಬಯಸುವವನಿಗೆ ಯಾವ ಅತಿಚಾರ? ಆ ತರುಣನ ಒಂದು ಗಾಡಿ ಇರುವುದು ಈ ಪ್ರಶ್ನೆಯ ನಡುವೆ. ಸಂಖ್ಯೆಯ ಕೋಲಿನಿಂದ ಅಳೆದರೆ ಒಂದಕ್ಕಿಂತ ಕಡಿಮೆ ಯಾವುದೂ ಇಲ್ಲ. ಆದರೆ ಜಗತ್ತಿನಲ್ಲೆಲ್ಲ ಒಂದೇ ಇರುವ ವಸ್ತುವನ್ನು ಹೊಂದಿದವನು, ಇನ್ನುಳಿದವರೆಲ್ಲರ ಪಾಲಿನ ಇಲ್ಲದಿರುವಿಕೆಯನ್ನೂ ಹೊಂದಿದಂತಾಯಿತು!

ಒಬ್ಬನಿಗಾಗಿ ಒಂದನ್ನೇ ಮಾಡುವುದು ಹೊಸದೂ ಅಲ್ಲ, ತನ್ನಷ್ಟಕ್ಕೆ ತಪ್ಪೂ ಅಲ್ಲ. ಘಟಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಚಕ್ಕಡಿಯನ್ನು ಬಡಿಗನು ಆಯಾ ಮನೆಗೆಂದೇ ಮಾಡುತ್ತಿದ್ದನು. ಎತ್ತುಗಳ ಎತ್ತರ, ಹೊಲದ ಹಾದಿ, ಯಜಮಾನನ ಕೈಯ ಹಣ ಇವನ್ನು ನೋಡಿ ಅಳತೆ ಹಿಡಿಯುತ್ತಿದ್ದನು. ಎರಡು ಚಕ್ಕಡಿ ಒಂದೇ ತೆರನಾಗಿರುತ್ತಿರಲಿಲ್ಲ. ಆದರೂ ತನ್ನ ಚಕ್ಕಡಿಯಂಥದನ್ನು ಮತ್ತೊಬ್ಬನಿಗೆ ಮಾಡಬೇಡವೆಂದು ಬಡಿಗನಿಗೆ ಹೇಳಿದವರನ್ನು ನಾನು ಕೇಳಿಲ್ಲ. ಗೋಕಾಕದ ಗೊಂಬೆ ಮಾಡುವವರೂ ಹಾಗೆಯೇ. ಹಗುರಾದ ಕಟ್ಟಿಗೆಯನ್ನು ಕೆತ್ತಿ ಕೈಯಿಂದಲೇ ಬಣ್ಣ ಬಳಿಯುವುದರಿಂದ ಒಂದರ ಕಣ್ಣು ಇನ್ನೊಂದರಂತೆ ಇರುವುದಿಲ್ಲ. ಆ ಕಾರಣಕ್ಕೆ ಯಾರೂ ಬೆಲೆ ಏರಿಸುವುದಿಲ್ಲ.

ಮೋಟಾರು ಬಂದ ಆರಂಭದ ದಿನಗಳಲ್ಲಿ ದೊಡ್ಡ ಕಾರುಗಳ ರೀತಿಯೂ ಇದೇ ಆಗಿತ್ತು. ಕಂಪನಿಯು ಎಂಜಿನ್ನು ಮತ್ತು ಚಾಸಿಯನ್ನು ಮಾತ್ರ ಮಾರುತ್ತಿತ್ತು. ಮೈಯನ್ನು ಹಿಂದೆ ಸಾರೋಟು ಕಟ್ಟುತ್ತಿದ್ದ ಕುಶಲಕರ್ಮಿಗಳೇ ಗಿರಾಕಿಯ ಇಷ್ಟದಂತೆ ಕಟ್ಟಿಕೊಡುತ್ತಿದ್ದರು. ವಿಜಯದಶಮಿಯ ದಿನ ಕೊಲ್ಹಾಪುರದ ದಸರಾ ಚೌಕಕ್ಕೆ ಛತ್ರಪತಿ ಮನೆತನದವರು ಬರುವ ಹಳೆಯ ಮೇಬ್ಯಾಕ್ ಕಾರು ಆ ಕಾಲದ್ದು. ಸಂಕೇಶ್ವರ, ನಿಪ್ಪಾಣಿಯ ದಾರಿಯಲ್ಲಿ ಹೋಗಿ ಅದನ್ನು ನೋಡಿ ಬಂದವರು ನಮ್ಮಲ್ಲಿ ಬಹಳ ಮಂದಿ. ಬಾಲ್ಯದಲ್ಲಿ ತಂದೆಯವರ ಹೆಗಲ ಮೇಲೆ ಕುಳಿತು ನಾನೂ ನೋಡಿದ್ದೇನೆ. ಮರಳುವಾಗ ಬಸ್ಸಿನಲ್ಲಿ, ನಮಗೂ ಅಂಥದೊಂದು ಬೇಕೆಂದು ಹಟ ಹಿಡಿದೆನಂತೆ. ಅಂಥದು ಇನ್ನೊಂದಿಲ್ಲವೆಂದು ತಂದೆಯವರು ಸಮಾಧಾನ ಹೇಳಲು, ಹಾಗಾದರೆ ಅದೇ ಬೇಕೆಂದೆನಂತೆ. ತಾಯಿಯವರು ಇದನ್ನು ಬಹುಕಾಲ ಹೇಳಿ ನಗುತ್ತಿದ್ದರು.

ಎರಡನೆಯ ಮಹಾಯುದ್ಧದ ಸುಮಾರಿಗೆ ಈ ಕಸುಬಿನ ಸ್ವಭಾವ ಬದಲಾಯಿತು. ಅಮೆರಿಕದ ಹಾರ್ಲಿ ಅರ್ಲ್ ಎಂಬ ಶಿಲ್ಪಿಯ ತಂದೆ ಸಾರೋಟು ಕಟ್ಟುವ ಕಸುಬಿನವನು. ಮಗನು ಹಾಲಿವುಡ್ಡಿನ ನಟರಿಗೆ ಅವರವರ ಮರ್ಜಿಯ ಕಾರುಗಳನ್ನು ಮಾಡಿಕೊಟ್ಟು ಹೆಸರು ಗಳಿಸಿದನು. ಒಬ್ಬ ಕೌಬಾಯ್ ನಟನ ಕಾರಿನ ಮೇಲೆ ಕುದುರೆಯ ಜೀನನ್ನೇ ಕೂಡಿಸಿದ್ದನಂತೆ. 1927ರಲ್ಲಿ ಜನರಲ್ ಮೋಟಾರ್ಸ್ ಅವನನ್ನು ಕರೆದುಕೊಂಡಿತು. 1938ರಲ್ಲಿ ಅವನು ಬ್ಯೂಯಿಕ್ ವೈ-ಜಾಬ್ ಎಂಬ ಕಾರನ್ನು ಮಾಡಿಸಿದನು. ಮಾರುವುದಕ್ಕಲ್ಲ, ತೋರಿಸುವುದಕ್ಕೆ, ಒಂದೇ ಒಂದು. ಅದನ್ನು ತಾನೇ ಓಡಿಸಿಕೊಂಡು ತಿರುಗಿದನು. 1951ರ ಲೆ ಸೇಬರ್ ಕಾರಿಗೆ ಮಳೆಹನಿ ಬಿದ್ದೊಡನೆ ತಾನಾಗಿ ಮುಚ್ಚಿಕೊಳ್ಳುವ ಛಾವಣಿ ಇತ್ತು. ಇಂಥ ಕಾರುಗಳನ್ನು ಊರೂರಿಗೆ ಒಯ್ದು, ದೀಪಗಳ ಕೆಳಗೆ ತಿರುಗುವ ವೇದಿಕೆಯ ಮೇಲೆ ನಿಲ್ಲಿಸಿ ಲಕ್ಷಾಂತರ ಜನರಿಗೆ ತೋರಿಸುತ್ತಿದ್ದರು. ನೋಡಿದವರು ಮನೆಗೆ ಮರಳಿ ತಮ್ಮ ಅಂಗಳದ ಕಾರನ್ನು ನೋಡಿದಾಗ ಅದು ಹಳತಾಗಿ ಕಾಣಬೇಕು, ಇದೇ ಒಳಗಿನ ಹಂಚಿಕೆ. ಗಾಡಿಯು ಸವೆಯುವ ಮೊದಲೇ ಅದರ ಮೇಲಿನ ಮನಸ್ಸು ಸವೆಯಬೇಕೆಂಬುದನ್ನು ಅವನು ಮರೆಮಾಚದೆ ವ್ಯಾಪಾರದ ಸೂತ್ರವಾಗಿಯೇ ಹೇಳುತ್ತಿದ್ದನು. ವಿಸ್ಮಯವನ್ನು ಅತಿಚಾರವೆಂದು ನಮ್ಮ ಆಚಾರ್ಯರು ಎಚ್ಚರಿಸಿದರೆ, ಅದನ್ನೇ ಕಾರ್ಖಾನೆಯಲ್ಲಿ ತಯಾರಿಸುವ ವಿದ್ಯೆಯನ್ನು ಆ ಕಾಲದವರು ಕಂಡುಹಿಡಿದರು. ಪ್ರದರ್ಶನ ಮುಗಿದ ಮೇಲೆ ಹಲವು ಕಾರುಗಳು ಗುಜರಿಗೆ ಹೋದವು.

ಇವುಗಳಲ್ಲಿ ಎರಡರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಮೊದಲನೆಯದು ನಾರ್ಸ್‌ಮನ್. ಕ್ರೈಸ್ಲರ್ ಕಂಪನಿಗಾಗಿ ವರ್ಜಿಲ್ ಎಕ್ಸ್‌ನರ್ ಎಂಬ ಶಿಲ್ಪಿಯ ನೇತೃತ್ವದಲ್ಲಿ ರೂಪ ಪಡೆದದ್ದು. ಮುಂಗಾಜಿನ ಬದಿಯ ಕಂಬಗಳನ್ನು ತೆಗೆದು, ಛಾವಣಿಯನ್ನು ಹಿಂಭಾಗದ ಆಧಾರದ ಮೇಲೆಯೇ ಮುಂದಕ್ಕೆ ಚಾಚಿಸಿದ್ದರು. ಇಟಲಿಯ ತುರಿನ್ ನಗರದ ಘಿಯಾ ಕಮ್ಮಟದಲ್ಲಿ ಕೈಕೆಲಸದವರು ತಿಂಗಳುಗಟ್ಟಲೆ ದುಡಿದು ಅದನ್ನು ಮುಗಿಸಿ, ಅಮೆರಿಕಕ್ಕೆ ಕಳುಹಿಸಲು ಆಂಡ್ರಿಯಾ ಡೋರಿಯಾ ಎಂಬ ಹಡಗಿಗೆ ಏರಿಸಿದರು. 1956ರ ಜುಲೈ 25ರ ರಾತ್ರಿ, ನ್ಯೂಯಾರ್ಕ್ ಇನ್ನೊಂದು ರಾತ್ರಿಯ ದಾರಿ ಇರುವಾಗ, ದಟ್ಟ ಮಂಜಿನ ಪ್ರದೇಶದಲ್ಲಿ ಸ್ಟಾಕ್‌ಹೋಮ್ ಎಂಬ ಇನ್ನೊಂದು ಹಡಗು ಅದರ ಪಕ್ಕೆಗೆ ಬಡಿಯಿತು. ಮರುದಿನ ಬೆಳಿಗ್ಗೆ ಹಡಗು ಮುಳುಗಿತು. ಕಾರು ಇಂದಿಗೂ ಅಟ್ಲಾಂಟಿಕ್ ಸಾಗರದ ತಳದಲ್ಲಿದೆ. ಅದನ್ನು ಮಾಡಿಸಿದ ದೇಶದವರು ಅದನ್ನು ನೋಡಲೇ ಇಲ್ಲ.

ಅನಿತ್ಯ ಭಾವನೆಗೆ ಇದಕ್ಕಿಂತ ಸುಲಭವಾದ ದೃಷ್ಟಾಂತ ಸಿಗದು. ಒಮ್ಮೆ ಪ್ರವಚನದಲ್ಲಿ ನಾನು ಇದನ್ನು ಹೇಳಿ ಸಭೆಯನ್ನು ಮೆಚ್ಚಿಸಿಯೂ ಇದ್ದೆ. ಈಗ ಹಿಂದಿರುಗಿ ನೋಡಿದರೆ ನಾಚಿಕೆಯಾಗುತ್ತದೆ. ಆ ಅಪಘಾತದಲ್ಲಿ ಎರಡೂ ಹಡಗುಗಳು ಸೇರಿ 51 ಜನರು ಸತ್ತರು. ಅವರನ್ನು ಅಂದು ನಾನು ಒಂದು ವಾಕ್ಯದಲ್ಲಿ ದಾಟಿ ಕಾರಿನ ಬಳಿಗೆ ಹೋಗಿದ್ದೆ. ಒಂದೇ ಒಂದು ಇದ್ದದ್ದು ಹೋಯಿತಲ್ಲ ಎಂಬ ಮರುಕ ಕಾರಿಗೆ ಸಂದಿತ್ತು. ಜೀವಗಳು ಅನಂತ, ಒಂದೊಂದು ಜೀವವೂ ಸ್ವತಂತ್ರ, ಒಂದರ ಕರ್ಮವನ್ನು ಇನ್ನೊಂದು ಉಣ್ಣದು ಎಂದು ದಿನಾಲು ಓದುವ ನನಗೆ, ಮತ್ತೊಂದಿಲ್ಲವೆಂಬ ಮಾತು ಆ 51 ಜನರಲ್ಲಿ ಒಬ್ಬೊಬ್ಬರಿಗೂ ಸಲ್ಲತಕ್ಕದ್ದೆಂದು ಹೊಳೆಯಲಿಲ್ಲ. ಕಾರಿನ ನಕ್ಷೆ ಇದ್ದರೆ ಇನ್ನೊಂದನ್ನು ಮಾಡಬಹುದು.

ಎರಡನೆಯದು ಅರೋರಾ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಬ್ರ್ಯಾನ್‌ಫರ್ಡ್ ಎಂಬ ಊರಿನ ಕ್ಯಾಥೊಲಿಕ್ ಪಾದ್ರಿ ಆಲ್‌ಫ್ರೆಡ್ ಜೂಲಿಯಾನೊ ಅದರ ಶಿಲ್ಪಿ. ರಸ್ತೆಯ ಅಪಘಾತಗಳಲ್ಲಿ ಜನರು ಸಾಯುವುದನ್ನು ಕಂಡು, ಯಾರೂ ಗಾಯಗೊಳ್ಳದಂಥ ಕಾರನ್ನು ಮಾಡಬೇಕೆಂದು ಅವನು ಹೊರಟನು. ಕೆಟ್ಟುಹೋದ ಬ್ಯೂಯಿಕ್ ಕಾರೊಂದರ ಚಾಸಿಯನ್ನು ತೆಗೆದುಕೊಂಡು, ಭಕ್ತರ ದೇಣಿಗೆಯನ್ನೂ ಸೇರಿಸಿ ವರ್ಷಗಟ್ಟಲೆ ದುಡಿದನು. ಕುಳಿತವರಿಗೆ ಸೀಟ್ ಬೆಲ್ಟು. ಡಿಕ್ಕಿಯಾದರೆ ಎದೆಗೆ ಚುಚ್ಚದೆ ಒಳಸರಿಯುವ ಸ್ಟಿಯರಿಂಗ್ ದಂಡ. ಅಪಾಯ ಕಂಡರೆ ಹಿಮ್ಮುಖವಾಗಿ ತಿರುಗಿಸಬಹುದಾದ ಆಸನಗಳು. ತಲೆ ಬಡಿಯದಂತೆ ಮುಂದಕ್ಕೆ ಗುಳ್ಳೆಯಂತೆ ಉಬ್ಬಿದ ಗಾಜು. ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಅದರ ಮೂತಿ. ದಾರಿಹೋಕನೊಬ್ಬ ಅಡ್ಡ ಬಂದರೆ ಅವನಿಗೆ ಪೆಟ್ಟಾಗದಂತೆ ಮೆತ್ತಗೆ ಎತ್ತಿಕೊಳ್ಳಲೆಂದು ಮುಂಭಾಗವನ್ನು ಮೊರದಂತೆ ಮಾಡಿ ಅದರಲ್ಲಿ ಸ್ಪಂಜು ತುಂಬಿದ್ದನು. ಕಾರಿನೊಳಗೆ ಕುಳಿತವನನ್ನು ಎಲ್ಲರೂ ನೆನೆಯುತ್ತಾರೆ. ಹೊರಗೆ ನಡೆಯುವವನನ್ನು ನೆನೆದವನು ಈ ಪಾದ್ರಿ. ನಮ್ಮ ಈರ್ಯಾಸಮಿತಿಯ ಹೆಸರನ್ನು ಅವನು ಕೇಳಿರಲಾರ.

ಕಾರು ಬಹಳ ಕುರೂಪವಾಗಿತ್ತು. ಚಿತ್ರವನ್ನು ನೋಡಿದ ನನ್ನ ಮೊಮ್ಮಗಳು ಇದು ಕಪ್ಪೆಯೋ ಮೀನೋ ಎಂದು ಕೇಳಿದಳು. 1957ರಲ್ಲಿ ನ್ಯೂಯಾರ್ಕಿನ ಪತ್ರಕರ್ತರಿಗೆ ಅದನ್ನು ತೋರಿಸಲು ಹೊರಟಾಗ ದಾರಿಯಲ್ಲಿ ಹಲವು ಸಲ ಕೆಟ್ಟು ನಿಂತು, ಎಳೆಸಿಕೊಂಡು, ತಾಸುಗಟ್ಟಲೆ ತಡವಾಗಿ ತಲುಪಿತು. ಮಾಡಿಕೊಡಿರೆಂದು ಒಬ್ಬರೂ ಕೇಳಲಿಲ್ಲ. ಪಾದ್ರಿಯ ಮೇಲೆ ದೇಣಿಗೆಯ ಹಣದ ದುರುಪಯೋಗದ ಆಪಾದನೆ ಬಂದಿತು, ವಿಚಾರಣೆ ನಡೆಯಿತು, ಕೊನೆಗೆ ಅವನು ದಿವಾಳಿಯಾದನು. ಸಾಲಕ್ಕೆ ಒತ್ತೆಬಿದ್ದ ಕಾರು ಎಲ್ಲೆಲ್ಲೋ ಬಯಲಿನಲ್ಲಿ ತುಕ್ಕು ಹಿಡಿಯಿತು. 1993ರಲ್ಲಿ ಇಂಗ್ಲೆಂಡಿನ ಆಂಡಿ ಸಾಂಡರ್ಸ್ ಎಂಬ ಕುಶಲಕರ್ಮಿ ಅದನ್ನು ಹುಡುಕಿ ಕೊಂಡು, ಅನೇಕ ವರ್ಷ ದುಡಿದು ಮತ್ತೆ ಮೊದಲಿನಂತೆ ಮಾಡಿದನು. ಅಷ್ಟರಲ್ಲಿ ಪಾದ್ರಿಯು ಇರಲಿಲ್ಲ. ಭಕ್ತರ ಹಣವನ್ನು ಮುಟ್ಟುವ ನಮ್ಮಂಥ ಟ್ರಸ್ಟಿಗಳು ಈ ಕಥೆಯ ನಡುಭಾಗವನ್ನು ಮರೆಯಬಾರದು. ಉದ್ದೇಶವು ಶುದ್ಧವಾಗಿದ್ದರೂ ಲೆಕ್ಕದ ಪುಸ್ತಕ ಬೇರೆಯೇ ಶುದ್ಧವಾಗಿರಬೇಕಾಗುತ್ತದೆ.

ಈಗ ಎರಡನ್ನೂ ಎದುರುಬದುರು ಇಡೋಣ. ನಾರ್ಸ್‌ಮನ್ ಒಂದೇ, ಅರೋರಾ ಕೂಡ ಒಂದೇ. ಸಂಖ್ಯೆಯಲ್ಲಿ ಅಂತರವಿಲ್ಲ. ಆದರೆ ಅರೋರಾ ಒಂದೇ ಆಗಿ ಉಳಿದದ್ದು ಅದರ ಸೋಲು. ಅದು ಸಾವಿರವಾಗಲೆಂದು ಹುಟ್ಟಿದ್ದು. ಅದರ ಬೆಲ್ಟನ್ನು ಇನ್ನೊಬ್ಬ ಕದ್ದಿದ್ದರೆ ಪಾದ್ರಿಗೆ ಹಿಗ್ಗೇ ಆಗುತ್ತಿತ್ತೆಂದು ನನ್ನ ಊಹೆ. 1968ರಿಂದ ಅಮೆರಿಕದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಇರಲೇಬೇಕೆಂಬ ನಿಯಮ ಬಂದಿತು. ಅದು ಅವನಿಂದಲೇ ಬಂದಿತೆಂದು ನಾನು ಹೇಳುತ್ತಿಲ್ಲ. ಅವನು ಬಯಸಿದ್ದು ಲೋಕದಲ್ಲಿ ನಡೆಯಿತೆಂದಷ್ಟೇ ಹೇಳುತ್ತೇನೆ. ತಿರುಗುವ ವೇದಿಕೆಯ ಕಾರುಗಳಾದರೋ ನೋಡಿದವರು 'ನನ್ನಲ್ಲಿ ಇಲ್ಲ' ಎಂದು ಕೊರಗಿದಾಗಲೇ ಸಾರ್ಥಕವಾಗುವಂಥವು. ಆಯಿಯವರು ಬಸದಿಯಲ್ಲಿ ಕೇಳಿದ್ದು ಈ ಅಂತರವನ್ನೇ. ಒಂದು ಎಂಬುದರ ಒಳಗೆ ಸಾಕು ಎಂಬುದೂ ಇರಬಹುದು, ಬೇರೆಯವರಿಗೆ ಬೇಡ ಎಂಬುದೂ ಇರಬಹುದು. ಗಾಡಿಯನ್ನು ಎಷ್ಟು ಸುತ್ತಿ ನೋಡಿದರೂ ಯಾವುದು ಇದೆಯೆಂದು ತಿಳಿಯದು.

ಇಲ್ಲಿ ಒಂದು ಆಕ್ಷೇಪವು ಬರುವುದು ನ್ಯಾಯವೇ. ಸುಂದರವಾದುದನ್ನು ಮಾಡುವವನು ಮೊದಲು ಒಂದನ್ನೇ ಮಾಡುತ್ತಾನಲ್ಲವೇ? ಅವನನ್ನೂ ದೋಷಿಯೆನ್ನುವಿರಾ? ಇಲ್ಲ. ತುರಿನ್ ನಗರದ ಜೊವಾನ್ನಿ ಮಿಕೆಲೊಟ್ಟಿಯು 1950ರ ದಶಕದ ಆರಂಭದಲ್ಲಿ ಸಿರಿವಂತರಿಗಾಗಿ ಫೆರಾರಿ ಚಾಸಿಗಳ ಮೇಲೆ ಒಂದರಂತೆ ಇನ್ನೊಂದಿಲ್ಲದ ಮೈಗಳನ್ನು ಚಿತ್ರಿಸಿದನು. ಅದೇ ಕೈಯೇ 1959ರ ಟ್ರಯಂಫ್ ಹೆರಾಲ್ಡ್ ಎಂಬ ಚಿಕ್ಕ ಕಾರನ್ನೂ ಚಿತ್ರಿಸಿತು. 1961ರಿಂದ ಅದು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಮದ್ರಾಸಿನಲ್ಲಿ ತಯಾರಾಯಿತು. ನಾನು ಶಾಲೆಯಲ್ಲಿದ್ದಾಗ ನಮ್ಮ ಊರಿಗೆ ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ ಕರೆದಾಗ ಬರುತ್ತಿದ್ದ ಡಾಕ್ಟರರದು ಅದೇ ಕಾರು. ಮಳೆಗಾಲದ ರಾತ್ರಿ ಅದರ ದೀಪ ಹಳ್ಳದ ಆಚೆ ಕಂಡರೆ ಮನೆಯವರ ಉಸಿರು ಇಳಿಯುತ್ತಿತ್ತು. ಒಬ್ಬ ಧನಿಕನ ಹೆಮ್ಮೆಗೆಂದು ಪಳಗಿದ ಗೆರೆಯು ಹಾಗೆ ನಮ್ಮ ಹಳ್ಳದ ದಂಡೆಗೆ ಬಂದಿತು. ಗೆರೆಗೆ ದೋಷವಿಲ್ಲ. ಸಂಗ್ರಹಕ್ಕೂ ಎಲ್ಲೆಡೆ ಒಂದೇ ತೀರ್ಪು ಕೊಡಲಾಗದು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಕೂಡಿಸಿ, ದರ್ಶನಕ್ಕೆ ಬಂದ ಯಾರೂ ನೋಡಿಹೋಗುವಂತೆ ಇಟ್ಟಿದ್ದಾರೆ. ಬೀಗ ಹಾಕಿದ ಗ್ಯಾರೇಜಿನ ಕಾರಿಗೂ ಅದಕ್ಕೂ ಅಂತರವಿದೆಯೆಂದೇ ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು.

ಈ ವ್ಯಾಧಿಯು ಮೋಟಾರಿನದೂ ಅಲ್ಲ, ಪರದೇಶದ್ದೂ ಅಲ್ಲ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು 981ರಲ್ಲಿ ನಿಲ್ಲಿಸಿದ ಚಾವುಂಡರಾಯನಿಗೆ, ಇಂಥದನ್ನು ಮಾಡಿಸಿದವನು ತಾನೊಬ್ಬನೇ ಎಂಬ ಭಾವ ಸುಳಿಯಲು ಕೊಡಗಟ್ಟಲೆ ಹಾಲು ಮೂರ್ತಿಯ ಪಾದಕ್ಕೆ ಇಳಿಯಲಿಲ್ಲವೆಂದೂ, ಗುಳ್ಳಕಾಯಜ್ಜಿಯ ಕೈಯಷ್ಟು ಹಾಲು ಇಳಿಯಿತೆಂದೂ ನಾವು ಮಕ್ಕಳಿಗೆ ಹೇಳುತ್ತೇವೆ. ಇನ್ನೊಂದು ಐತಿಹ್ಯವನ್ನು ಅಷ್ಟಾಗಿ ಹೇಳುವುದಿಲ್ಲ. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟನು ನಿಂತಿದ್ದನು. ವೇಣೂರಿನ ತಿಮ್ಮರಾಜ ಅಜಿಲನು ತಾನೂ ಒಂದನ್ನು ಮಾಡಿಸತೊಡಗಿದಾಗ, ಕಾರ್ಕಳದ ಅರಸನು ತನ್ನ ಊರಿನ ಕೀರ್ತಿ ಕುಗ್ಗುವುದೆಂದು ಅದನ್ನು ತಡೆಯಲು ದಂಡೆತ್ತಿ ಬಂದನಂತೆ. ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂಳಿಸಿ ಕಾಪಾಡಿ, 1604ರಲ್ಲಿ ನಿಲ್ಲಿಸಿದನಂತೆ. ಸರ್ವವನ್ನೂ ತ್ಯಜಿಸಿ ನಿಂತ ಬಾಹುಬಲಿಯ ಮೂರ್ತಿಗಾಗಿ, ಇದು ನಮ್ಮಲ್ಲಿ ಮಾತ್ರ ಇರಲೆಂದು ಯುದ್ಧ!

ಇದನ್ನು ಬರೆದು ನಾನು ಸುಮ್ಮನಾಗುವಂತಿಲ್ಲ. ನಾನೂ ಒಂದು ಬಸದಿಯ ಟ್ರಸ್ಟಿನಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಪಂಚಕಲ್ಯಾಣಕ್ಕೆಂದು ಲಾರಿಯ ಚಾಸಿಯ ಮೇಲೆ ರಥವನ್ನು ಕಟ್ಟಿಸುವ ಠರಾವು ಬಂದಿತು. ಮಾದರಿಯನ್ನು ಆರಿಸುವಾಗ ಸಭೆಯಲ್ಲಿ ಒಬ್ಬರು, "ಹುಕ್ಕೇರಿ, ಗೋಕಾಕ, ಮೂಡಲಗಿ, ಮೂರೂ ತಾಲೂಕಿನಾಗ ಇಂಥಾ ರಥ ಇನ್ನೊಂದ ಇರಬಾರದು" ಎಂದರು. ಎಲ್ಲರೂ ತಲೆದೂಗಿದರು. ಠರಾವಿಗೆ ಅನುಮೋದನೆ ನೀಡಿದವನು ನಾನು. ರಥವು ನಿಜವಾಗಿಯೂ ಸುಂದರವಾಯಿತು. ಮರುವರ್ಷ ಪಕ್ಕದ ಊರಿನ ಚಿಕ್ಕ ಬಸದಿಯವರು, ಮೂವತ್ತು ಮನೆಗಳಷ್ಟೇ ಅವರು, ತಮ್ಮ ಮೆರವಣಿಗೆಗೆ ಅದನ್ನು ಒಂದು ದಿನದ ಮಟ್ಟಿಗೆ ಕೇಳಿದರು. ಬಣ್ಣ ಕೆಡುವುದೆಂದು ಹೇಳಿ ಕಳುಹಿಸಿದೆವು. ಬಣ್ಣದ ಚಿಂತೆ ನಮಗಿರಲಿಲ್ಲವೆಂದು ನನಗೆ ಗೊತ್ತು. ಅದು ಅವರ ಬೀದಿಯಲ್ಲಿಯೂ ಅಷ್ಟೇ ಚೆನ್ನಾಗಿ ಕಂಡೀತೆಂಬುದೇ ಸಂಕಟವಾಗಿತ್ತು. ಅವರು ಟ್ರ್ಯಾಕ್ಟರಿನ ಟ್ರೇಲರಿಗೆ ಬಾಳೆಕಂಬ ಕಟ್ಟಿ ಭಗವಂತನ ಮೆರವಣಿಗೆಯನ್ನು ಮಾಡಿದರು. ನಾನು ಹೋಗಿದ್ದೆ. ಊಟಕ್ಕೆ ಕುಳಿತಾಗ ಅವರಲ್ಲಿ ಯಾರೂ ರಥದ ಮಾತನ್ನು ಎತ್ತಲಿಲ್ಲ.

ಆ ತರುಣನು ಪರ್ವ ಮುಗಿದ ಮೇಲೆ ಒಂದು ದಿನ ನನ್ನ ಮನೆಗೆ ಬಂದನು. ಗಾಡಿಯನ್ನು ಅಂಗಳದಲ್ಲಿಯೇ ನಿಲ್ಲಿಸಿದ್ದನು. ಮಾತನಾಡುತ್ತಿರುವಾಗ ನನ್ನ ಕಣ್ಣು ಎರಡು ಮೂರು ಸಲ ಅತ್ತ ಹೋಯಿತು, ಅದನ್ನು ಅವನೂ ಗಮನಿಸಿದನು. "ಹಂಗಾದರ ಮಾರಿ ಬಿಡ್ಲೇನ್ರಿ, ಮಾಸ್ತರ?" ಎಂದು ಕೇಳಿದನು. ಮಾರಿದರೆ ನಿನ್ನ ಮೂರ್ಛೆ ಕೊಂಡವನ ಕೊಟ್ಟಿಗೆಗೆ ಹೋಗುತ್ತದೆ, ಅಷ್ಟೇ ಎಂದೆ. ಗಾಡಿ ಇರಲಿ, ರಟ್ಟಿನ ಮಾದರಿಗಳನ್ನು ಮಿಸ್ತ್ರಿಗೆ ಮರಳಿ ಕೊಡು ಎಂದೆ. ಅವನು ಬಹಳ ಹೊತ್ತು ಸುಮ್ಮನೆ ಕುಳಿತನು. ಗಾಡಿಯನ್ನು ಬಿಡು ಎಂದಿದ್ದರೆ ಸುಲಭವಾಗುತ್ತಿತ್ತೇನೋ. ಆಮೇಲೆ, "ನಿಮ್ಮ ಬಸ್ತಿ ರಥಾ ಈ ಸಲ ಆ ಊರಿಗೆ ಕೊಡ್ತೀರೇನ್ರಿ?" ಎಂದು ಕೇಳಿದನು.

ಟ್ರಸ್ಟಿನ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಲು ಕಾರ್ಯದರ್ಶಿಯವರಿಗೆ ಪತ್ರ ಬರೆದಿದ್ದೇನೆ. ಮೂಡಲಗಿಯ ಕಡೆಯಿಂದ ಬಂದವರು ಹೇಳುವಂತೆ, ರಟ್ಟಿನ ಗಂಟು ಇನ್ನೂ ದನದ ಕೊಟ್ಟಿಗೆಯ ತೊಲೆಗೆ ತೂಗುತ್ತಿದೆಯಂತೆ. ಮಿಸ್ತ್ರಿಯು ಮಾತ್ರ ಒಂದು ಸಲ ಬಂದು ಅದನ್ನು ಬಿಚ್ಚಿಸಿ, ಅಳತೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಾನಂತೆ.